ಮನೆ ತಪ್ಪಲಿನಲ್ಲಿ, ಮನುಷ್ಯ ಬೆಟ್ಟದಲ್ಲಿ

ಇಂದಿನ ಮಾತು ಒಂದು ಬೆಟ್ಟದ ರಸ್ತೆಯನ್ನು ಕುರಿತದ್ದು. ಆ ಬೆಟ್ಟದ ತಪ್ಪಲಿನಲ್ಲಿ ಮನೆಯಂಥ ವಾಹನಗಳು ಬಂದು ತಂಗುವ ಜಾಗಗಳನ್ನೂ ಕುರಿತದ್ದು. ರಸ್ತೆ ಇರುವುದು ಅಮೆರಿಕದ ಮೊಂಟಾನಾ ರಾಜ್ಯದಲ್ಲಿ, ಕೆನಡಾ ಗಡಿಗೆ ತಾಗಿಕೊಂಡ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ. ಅದರ ಹೆಸರು ಗೋಯಿಂಗ್ ಟು ದ ಸನ್ ರೋಡ್. ಉದ್ದ ಸುಮಾರು 80 ಕಿಲೋಮೀಟರ್. ಅದು ಏರಿ ದಾಟುವ ನೆತ್ತಿಗೆ ಲೋಗನ್ ಪಾಸ್ ಎನ್ನುತ್ತಾರೆ. ಎತ್ತರ ಸುಮಾರು 6,600 ಅಡಿ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮುನ್ನೂರು ಅಡಿಯಷ್ಟು ಮೇಲೆ ಎಂದುಕೊಳ್ಳಿ. ಇನ್ನು ವಾಹನದ ಮಾತು. ಅಲ್ಲಿನ ಜನ ಆರ್‌ವಿ ಎಂದು ಕರೆಯುವುದು ಹಾಸಿಗೆ, ಅಡುಗೆಕಟ್ಟೆ, ಬಚ್ಚಲು, ಶೌಚಾಲಯ ಎಲ್ಲವನ್ನೂ ಹೊತ್ತು ಓಡುವ ಗಾಡಿಯನ್ನು. ಬಸ್ಸಿನ ಗಾತ್ರದ್ದೂ ಉಂಟು, ಪಿಕಪ್ ಹಿಂದೆ ಕಟ್ಟಿ ಎಳೆಯುವಂಥದ್ದೂ ಉಂಟು. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಕುಟುಂಬಗಳೂ ಇಂಥ ಗಾಡಿಯನ್ನು ಬಾಡಿಗೆಗೆ ಹಿಡಿದು, ಊರಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೊರಡುವುದುಂಟು. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಬೆಟ್ಟದ ದಾರಿಗೆ ವಾಹನ ಹೊಂದಿಕೊಳ್ಳಬೇಕು. ವಾಹನಕ್ಕಾಗಿ ಬೆಟ್ಟವನ್ನು ಕಡಿಯಬಾರದು. ಮನೆ ತಪ್ಪಲಿನಲ್ಲಿ ನಿಲ್ಲಲಿ, ಮನುಷ್ಯ ಬೆಟ್ಟಕ್ಕೆ ಹೋಗಲಿ. ಇದು ಬೆಟ್ಟಕ್ಕೂ ಒಳ್ಳೆಯದು, ಪ್ರವಾಸಿಗೂ ಒಳ್ಳೆಯದು. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಈ ರಸ್ತೆ ಹುಟ್ಟಿದ ಬಗೆ. ಗ್ಲೇಸಿಯರ್ ಉದ್ಯಾನ ಸ್ಥಾಪನೆಯಾದದ್ದು 1910ರಲ್ಲಿ. ಆಗ ಅಲ್ಲಿಗೆ ಹೋಗುವವರು ಗ್ರೇಟ್ ನಾರ್ದರ್ನ್ ಕಂಪನಿಯ ರೈಲಿನಲ್ಲಿ ಬಂದಿಳಿದು, ಕುದುರೆಯೇರಿ ಒಂದು ತಂಗುಮನೆಯಿಂದ ಇನ್ನೊಂದಕ್ಕೆ ದಿನಗಟ್ಟಲೆ ಸಾಗುತ್ತಿದ್ದರು. ಅದಕ್ಕೆ ಹಣವೂ ಬೇಕು, ಬಿಡುವೂ ಬೇಕು. ಸಾಮಾನ್ಯ ಜನ ತಮ್ಮ ಕಾರಿನಲ್ಲಿ ಬಂದು ಬೆಟ್ಟ ನೋಡುವಂತಾಗಬೇಕು ಎಂಬುದು ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯ ಮೊದಲ ನಿರ್ದೇಶಕ ಸ್ಟೀಫನ್ ಮ್ಯಾದರ್ ಅವರ ಆಸೆ. ಅದಕ್ಕೊಂದು ರಸ್ತೆ ಬೇಕಾಯಿತು. ಇಲಾಖೆಯ ಎಂಜಿನಿಯರ್ ಜಾರ್ಜ್ ಗುಡ್ವಿನ್ ಒಂದು ನಕ್ಷೆ ಕೊಟ್ಟರು. ಅದರಲ್ಲಿ ದಾರಿ ಕಣಿವೆಯ ತಳದಲ್ಲೇ ಸಾಗಿ, ಕೊನೆಗೆ ಹದಿನೈದು ಹೇರ್‌ಪಿನ್ ತಿರುವುಗಳಲ್ಲಿ ಬೆಟ್ಟ ಹತ್ತುತ್ತಿತ್ತು. ಭೂದೃಶ್ಯ ವಿನ್ಯಾಸಕ ಥಾಮಸ್ ವಿಂಟ್ ಅದನ್ನು ಒಪ್ಪಲಿಲ್ಲ. ಹದಿನೈದು ತಿರುವು ಎಂದರೆ ಬೆಟ್ಟದ ಮೈಮೇಲೆ ಹದಿನೈದು ಗಾಯ. ಅದರ ಬದಲು ಗಾರ್ಡನ್ ವಾಲ್ ಎಂಬ ಬಂಡೆಯ ಗೋಡೆಗೆ ಆನಿಸಿಕೊಂಡು, ಒಂದೇ ಒಂದು ದೊಡ್ಡ ತಿರುವಿನಲ್ಲಿ, ನಿಧಾನವಾಗಿ ಏರಬಹುದು ಎಂದರು. ಆ ದಾರಿಗೆ ಖರ್ಚು ಹೆಚ್ಚು, ಕೆಲಸ ಕಷ್ಟ. ಆದರೂ ಮ್ಯಾದರ್ ಅದನ್ನೇ ಆರಿಸಿದರು. 1924ರಲ್ಲಿ ಫ್ರ್ಯಾಂಕ್ ಕಿಟ್ರೆಜ್ ಎಂಬ ಎಂಜಿನಿಯರ್ ಹಿಮ ಬೀಳುವ ಮೊದಲೇ ಮುಗಿಸಬೇಕೆಂದು ಬಂಡೆಗಳಿಗೆ ಹಗ್ಗ ಕಟ್ಟಿಕೊಂಡು ಸರ್ವೆ ಮಾಡಿಸಿದರು. ಏರು ನೂರು ಅಡಿಗೆ ಆರು ಅಡಿಯಷ್ಟೇ ಇರಬೇಕೆಂದು ಗೊತ್ತುಮಾಡಿದರು. ಸಿಡಿಮದ್ದನ್ನು ಸಣ್ಣ ಸಣ್ಣ ಪ್ರಮಾಣದಲ್ಲೇ ಸಿಡಿಸಬೇಕು, ಸೇತುವೆ ಮತ್ತು ತಡೆಗೋಡೆಗಳಿಗೆ ಅಲ್ಲಿನ ಕಲ್ಲನ್ನೇ ಬಳಸಬೇಕು ಎಂದು ಷರತ್ತು ಹಾಕಿದರು. ಈ ಕೆಲಸದಲ್ಲಿ ಮೂವರು ಕಾರ್ಮಿಕರು ಪ್ರಾಣ ಕಳೆದುಕೊಂಡರು. 1932ರಲ್ಲಿ ರಸ್ತೆ ಬೆಟ್ಟದ ಎರಡೂ ಮಗ್ಗುಲನ್ನು ಬೆಸೆಯಿತು. 1933ರ ಜುಲೈನಲ್ಲಿ ಲೋಗನ್ ಪಾಸ್‌ನಲ್ಲೇ ಉದ್ಘಾಟನೆಯಾಯಿತು.

ಅಂದರೆ ಈ ರಸ್ತೆಯನ್ನು ಕಟ್ಟಿದವರು ಬೆಟ್ಟದ ಮಾತನ್ನು ಕೇಳಿಕೊಂಡೇ ಕಟ್ಟಿದರು. ಹೆಚ್ಚು ಹಣ ಹೋದರೂ ಸರಿ, ಬೆಟ್ಟದ ರೂಪ ಕೆಡಬಾರದು ಎಂಬುದು ಅವರ ನಿಲುವು. ಈಗ ಆ ದಾರಿಯಲ್ಲಿ ಸಾಗಿದರೆ ಏನು ಸಿಗುತ್ತದೆ ಎಂದು ಮಾತಿನಲ್ಲೇ ಹೋಗಿಬರೋಣ. ಪಶ್ಚಿಮದಿಂದ ಹೊರಟರೆ ಮೊದಲು ಜೊತೆಯಾಗುವುದು ಮ್ಯಾಕ್‌ಡೊನಾಲ್ಡ್ ಸರೋವರ. ಹದಿನೈದು ಕಿಲೋಮೀಟರ್‌ನಷ್ಟು ದೂರ ಎಡಗಡೆ ನೀರು, ಬಲಗಡೆ ದಟ್ಟ ಕಾಡು. ದಾರಿ ಇಲ್ಲಿ ಹೆಚ್ಚುಕಡಿಮೆ ಸಮತಟ್ಟು. ಸರೋವರ ಮುಗಿದ ಮೇಲೆ ಕಾಡು ಕವಿಯುತ್ತದೆ, ಹೊಳೆಯ ಸದ್ದು ಹತ್ತಿರವಾಗುತ್ತದೆ. ಆಮೇಲೆ ಏರು ಶುರು. ಲೂಪ್ ಎಂದು ಹೆಸರಾದ ಒಂಟಿ ತಿರುವು ಬರುತ್ತದೆ. ಅಲ್ಲಿಯವರೆಗೆ ಎದುರಿಗಿದ್ದ ಶಿಖರಗಳು ಆ ಒಂದು ಸುತ್ತಿನಲ್ಲಿ ಬೆನ್ನಿಗೆ ಬೀಳುತ್ತವೆ. ಅಲ್ಲಿಂದ ಮುಂದೆ ಒಂದು ಪಕ್ಕ ಬಂಡೆಯ ಗೋಡೆ, ಇನ್ನೊಂದು ಪಕ್ಕ ಸಾವಿರಾರು ಅಡಿಯ ಕಣಿವೆ. ನಡುವೆ ಮೊಣಕಾಲೆತ್ತರದ ಕಲ್ಲುಗೋಡೆಯೊಂದೇ ಕಾವಲು. ಬೇಸಿಗೆಯ ಆರಂಭದಲ್ಲಿ ಹಿಮ ಕರಗಿದ ನೀರು ಬಂಡೆಯಿಂದ ಸೋರಿ ಕಾರುಗಳ ಮೇಲೆಯೇ ಸುರಿಯುವ ಒಂದು ಜಾಗವುಂಟು. ನೆತ್ತಿ ತಲುಪಿದರೆ ಖಂಡದ ನೀರು ಇಬ್ಭಾಗವಾಗುವ ಏಣು. ಅದರ ಪಶ್ಚಿಮಕ್ಕೆ ಬಿದ್ದ ಮಳೆ ಶಾಂತಸಾಗರಕ್ಕೆ, ಪೂರ್ವಕ್ಕೆ ಬಿದ್ದದ್ದು ಉತ್ತರದ ಹಡ್ಸನ್ ಕೊಲ್ಲಿಗೆ. ಸುತ್ತ ಹುಲ್ಲುಗಾವಲು, ಬಿಳಿ ಮೈಯ ಕಾಡುಮೇಕೆಗಳು. ಅಲ್ಲಿಂದ ಇಳಿದರೆ ಒಂದು ಸುರಂಗ, ಆಮೇಲೆ ಸೇಂಟ್ ಮೇರಿ ಸರೋವರ, ಅದರಾಚೆ ಬಯಲು. ಚಳಿಗಾಲದಲ್ಲಿ ಈ ಎತ್ತರದ ಭಾಗವೆಲ್ಲ ಮುಚ್ಚಿರುತ್ತದೆ. ಲೋಗನ್ ಪಾಸ್‌ನ ಪಕ್ಕದಲ್ಲಿ ಹಿಮದ ರಾಶಿ ಎಂಬತ್ತು ಅಡಿಯವರೆಗೂ ಬೆಳೆಯುವುದುಂಟು. ಏಪ್ರಿಲ್‌ನಲ್ಲಿ ಹಿಮ ತೆಗೆಯಲು ಹೊರಟರೆ, ದಾರಿ ಪೂರ್ತಿ ತೆರೆಯುವಾಗ ಸಾಮಾನ್ಯವಾಗಿ ಜೂನ್ ಕೊನೆಯೋ ಜುಲೈಯೋ ಆಗಿರುತ್ತದೆ.

ಬೆಟ್ಟದ ಲೆಕ್ಕಕ್ಕೆ ಕಟ್ಟಿದ ರಸ್ತೆ ಎಂದೆ. ವರ್ಷಕ್ಕೆ ಕೆಲವೇ ತಿಂಗಳು ತೆರೆದಿರುವ ರಸ್ತೆ ಎಂದೆ. ಈಗ ವಾಹನದ ಲೆಕ್ಕಕ್ಕೆ ಬರೋಣ. ಈ ದಾರಿಯ ನಡುಭಾಗದಲ್ಲಿ, ಪಶ್ಚಿಮದ ಅವಲಾಂಚ್‌ನಿಂದ ಪೂರ್ವದ ರೈಸಿಂಗ್ ಸನ್‌ವರೆಗೆ, 21 ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವಿಲ್ಲ. ಎಂಟು ಅಡಿಗಿಂತ ಅಗಲದ್ದಕ್ಕೂ ಇಲ್ಲ. ಅಗಲವನ್ನು ಅಳೆಯುವಾಗ ಪಕ್ಕದ ಕನ್ನಡಿಗಳೂ ಲೆಕ್ಕಕ್ಕೆ ಬರುತ್ತವೆ. ಲೋಗನ್ ಪಾಸ್‌ನಿಂದ ಲೂಪ್‌ಗೆ ಇಳಿಯುವಾಗ ಬಂಡೆ ರಸ್ತೆಯ ಮೇಲಕ್ಕೆ ಚಾಚಿಕೊಂಡಿರುವುದರಿಂದ ಹತ್ತು ಅಡಿಗಿಂತ ಎತ್ತರದ ಗಾಡಿಗೂ ತೊಂದರೆ. ಆರ್‌ವಿಗಳ ಅಳತೆ ಏನು? ಬಸ್ಸಿನಂಥವು ಮೂವತ್ತರಿಂದ ನಲವತ್ತೈದು ಅಡಿ. ಟ್ರಕ್ಕಿನ ಚಾಸಿಸ್ ಮೇಲೆ ಮನೆ ಕೂರಿಸಿದವು ಇಪ್ಪತ್ತರಿಂದ ಮೂವತ್ತಮೂರು. ಎತ್ತರ ಹನ್ನೊಂದು, ಹನ್ನೆರಡು ಅಡಿ ಸಾಮಾನ್ಯ. ಸಣ್ಣ ವ್ಯಾನಿನೊಳಗೆ ಹಾಸಿಗೆ ಹಾಕಿದಂಥ ಕೆಲವನ್ನು ಬಿಟ್ಟರೆ, ಉಳಿದವು ಮೇಲೆ ಹೋಗುವಂತಿಲ್ಲ. ಇದು ಯಾರದೋ ಹಟಕ್ಕೆ ಮಾಡಿದ ನಿಯಮ ಅಲ್ಲ. ಉದ್ದದ ಗಾಡಿ ತಿರುವಿನಲ್ಲಿ ಹೊರಳುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡನ್ನು ಬಿಟ್ಟು ಒಳಕ್ಕೆ ಸರಿಯುತ್ತವೆ. ಒಳಗೆ ಬಂಡೆ ಇದ್ದರೆ ಚಾಲಕ ಗಾಡಿಯನ್ನು ನಡುಗೆರೆಯಾಚೆಗೆ ಎಳೆಯಲೇಬೇಕು. ಆಗ ಎದುರಿನಿಂದ ಬರುವವನಿಗೆ ಉಳಿಯುವುದು ಕಲ್ಲುಗೋಡೆ ಮತ್ತು ಪ್ರಪಾತ. ಒಂದು ಗಾಡಿ ಸಿಕ್ಕಿಬಿದ್ದರೂ ಮುಂದೆ ಹಿಂದೆ ಕಿಲೋಮೀಟರ್‌ಗಟ್ಟಲೆ ಸಾಲು ನಿಲ್ಲುತ್ತದೆ. ಆಂಬುಲೆನ್ಸ್ ಬರಲೂ ದಾರಿ ಇರುವುದಿಲ್ಲ.

ಹಾಗಾದರೆ ದೊಡ್ಡ ಗಾಡಿ ಎಲ್ಲಿ ನಿಲ್ಲಬೇಕು? ಇಲ್ಲಿಂದ ತಪ್ಪಲಿನ ಮಾತು. ಪಶ್ಚಿಮದ ಬಾಗಿಲಲ್ಲಿ ವೆಸ್ಟ್ ಗ್ಲೇಸಿಯರ್ ಎಂಬ ಊರು. ಪೂರ್ವದ ಬಾಗಿಲಲ್ಲಿ, ಬ್ಲ್ಯಾಕ್‌ಫೀಟ್ ಮೂಲನಿವಾಸಿಗಳ ನೆಲದಲ್ಲಿ, ಸೇಂಟ್ ಮೇರಿ ಎಂಬ ಊರು. ಎರಡೂ ಕಡೆ ಆರ್‌ವಿ ಪಾರ್ಕ್‌ಗಳಿವೆ. ಉದ್ಯಾನದ ಒಳಗೂ ಇಲಾಖೆಯ ತಂಗುದಾಣಗಳುಂಟು. ಆದರೆ ಅಲ್ಲಿ ಗಾಡಿಗೆ ವಿದ್ಯುತ್ತು, ನೀರು, ಚರಂಡಿಯ ಸಂಪರ್ಕ ಸಿಗುವುದಿಲ್ಲ. ಪಾರ್ಕ್‌ನಲ್ಲಿ ನೆಲೆಗೊಳ್ಳುವುದಕ್ಕೆ ಒಂದು ಕ್ರಮವಿದೆ. ಬೆಳಕಿರುವಾಗಲೇ ತಲುಪಬೇಕು. ಒಬ್ಬರು ಹಿಂದೆ ನಿಂತು ಕೈಸನ್ನೆ ಮಾಡುತ್ತಿದ್ದರೆ ಇನ್ನೊಬ್ಬರು ನಿಧಾನವಾಗಿ ರಿವರ್ಸ್ ತೆಗೆಯಬೇಕು. ಗಾಡಿ ವಾಲಿದ್ದರೆ ಚಕ್ರದಡಿ ಹಲಗೆ ಕೊಟ್ಟು ಸಮಮಾಡಬೇಕು. ಇದು ಬರಿಯ ನಿದ್ದೆಯ ಸುಖಕ್ಕಲ್ಲ. ಅನಿಲದಲ್ಲಿ ನಡೆಯುವ ಹಳೆಯ ಬಗೆಯ ಫ್ರಿಜ್ ವಾಲಿದ ಗಾಡಿಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಮೇಲೆ ಚಕ್ರಕ್ಕೆ ಅಡ್ಡಗಟ್ಟೆ. ಅದಾದ ಮೇಲೆ ಕಂಬದ ಪೆಟ್ಟಿಗೆಯಿಂದ ವಿದ್ಯುತ್ತು. ಮೂವತ್ತು ಆಂಪಿಯರ್ ಸಂಪರ್ಕದಲ್ಲಿ ಸುಮಾರು 3,600 ವ್ಯಾಟ್ ಸಿಗುತ್ತದೆ. ಏಸಿ ಓಡುತ್ತಿರುವಾಗಲೇ ಮೈಕ್ರೋವೇವ್, ಹೇರ್ ಡ್ರೈಯರ್ ಎರಡನ್ನೂ ಹಾಕಿದರೆ ಸ್ವಿಚ್ಚು ಬೀಳುತ್ತದೆ. ನೀರಿಗೆ ಕುಡಿಯುವ ನೀರಿನದೇ ಪೈಪು, ಜೊತೆಗೆ ಒತ್ತಡ ತಗ್ಗಿಸುವ ಕವಾಟ. ಕೊನೆಯದು ಕೊಳಚೆ. ಶೌಚದ ತೊಟ್ಟಿ ಬೇರೆ, ಬಚ್ಚಲು ಮತ್ತು ಪಾತ್ರೆ ತೊಳೆದ ನೀರಿನ ತೊಟ್ಟಿ ಬೇರೆ. ಶೌಚದ ತೊಟ್ಟಿಯ ಬಾಯಿಯನ್ನು ಸದಾ ತೆರೆದಿಡಬಾರದು. ಹೆಚ್ಚುಪಾಲು ತುಂಬಿದ ಮೇಲೆ ಅದನ್ನು ಮೊದಲು ಬಿಡಬೇಕು. ಬಚ್ಚಲ ನೀರನ್ನು ಆಮೇಲೆ ಬಿಟ್ಟರೆ ಪೈಪು ತಾನಾಗಿ ತೊಳೆದುಹೋಗುತ್ತದೆ. ಈ ಸೀಮೆಯಲ್ಲಿ ಇನ್ನೊಂದು ಎಚ್ಚರವೂ ಬೇಕು. ಇದು ಕರಡಿಗಳ ನಾಡು. ಅನ್ನದ ಪಾತ್ರೆ, ಕಸದ ಚೀಲ, ಹಣ್ಣಿನ ಸಿಪ್ಪೆ ಯಾವುದನ್ನೂ ಹೊರಗೆ ಬಿಡುವಂತಿಲ್ಲ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಕೊನೆಗೆ ತನ್ನ ಪ್ರಾಣವನ್ನೇ ತೆರುವುದುಂಟು.

ಇಷ್ಟು ವಿವರ ಏಕೆ ಹೇಳಿದೆನೆಂದರೆ, ಆರ್‌ವಿ ಪಾರ್ಕ್ ಬರಿಯ ಗಾಡಿ ನಿಲ್ಲಿಸುವ ಜಾಗವಲ್ಲ. ಒಂದು ಮನೆಯ ಭಾರವನ್ನೆಲ್ಲ, ಅಂದರೆ ಅದರ ಕೊಳಚೆ, ಕಸ, ವಿದ್ಯುತ್ತು, ಒಲೆಯ ವಾಸನೆ, ಮಾತಿನ ಸದ್ದು ಎಲ್ಲವನ್ನೂ ತಪ್ಪಲಿನಲ್ಲೇ ಇಳಿಸಿಕೊಳ್ಳುವ ವ್ಯವಸ್ಥೆ ಅದು. ನಮ್ಮ ಜಾತ್ರೆಗಳಲ್ಲಿ ತೇರು ರಥಬೀದಿ ಬಿಟ್ಟು ಬೆಟ್ಟ ಹತ್ತುವುದಿಲ್ಲ. ದೇವರನ್ನು ಬೆಟ್ಟಕ್ಕೆ ಒಯ್ಯಬೇಕಾದರೆ ಪಲ್ಲಕ್ಕಿ ಬರುತ್ತದೆ. ಇಲ್ಲಿಯೂ ಪಲ್ಲಕ್ಕಿಗಳುಂಟು. ಬಹಳ ಜನ ತಮ್ಮ ದೊಡ್ಡ ಗಾಡಿಯ ಹಿಂದೆ ಒಂದು ಸಣ್ಣ ಕಾರನ್ನು ಕಟ್ಟಿಕೊಂಡೇ ಬರುತ್ತಾರೆ. ಎಳೆಯುವ ಮನೆ ತಂದವರು ಅದನ್ನು ಪಾರ್ಕ್‌ನಲ್ಲಿ ಬಿಚ್ಚಿಟ್ಟು, ಪಿಕಪ್‌ನ ಅಳತೆ ಮಿತಿಯೊಳಗಿದ್ದರೆ ಅದರಲ್ಲೇ ಮೇಲೆ ಹೋಗುತ್ತಾರೆ. ಏನೂ ಇಲ್ಲದವರಿಗಾಗಿ ಉದ್ಯಾನ 2007ರಲ್ಲಿ ಷಟಲ್ ಬಸ್ಸುಗಳನ್ನು ಓಡಿಸತೊಡಗಿತು. ಇನ್ನು ಹೆಸರಾಂತ ಕೆಂಪು ಬಸ್ಸುಗಳು. ವೈಟ್ ಕಂಪನಿ 1930ರ ದಶಕದಲ್ಲಿ ಮಾಡಿಕೊಟ್ಟ ಬಸ್ಸುಗಳವು. ಸುಮಾರು ಮೂವತ್ತು ಬಸ್ಸುಗಳು ಇಂದಿಗೂ ಓಡುತ್ತಿವೆ. ಮೇಲಿನ ಬಟ್ಟೆಯ ಹೊದಿಕೆಯನ್ನು ಸುತ್ತಿಟ್ಟರೆ ಕೂತಲ್ಲಿಂದಲೇ ಶಿಖರ ಕಾಣುತ್ತದೆ. ಇದೇ ಪಾಠವನ್ನು ಯೂಟಾ ರಾಜ್ಯದ ಜೈಯಾನ್ ಉದ್ಯಾನವೂ ಕಲಿತಿದೆ. ಅಲ್ಲಿನ ಕಿರಿದಾದ ಕಣಿವೆಯಲ್ಲಿ ಕಾರುಗಳ ಸಾಲು ಅತಿಯಾದಾಗ 2000ದಲ್ಲಿ ಷಟಲ್ ಬಸ್ ಶುರುಮಾಡಿ, ಜನದಟ್ಟಣೆಯ ತಿಂಗಳುಗಳಲ್ಲಿ ಖಾಸಗಿ ವಾಹನಗಳನ್ನು ಕಣಿವೆಯ ಹೊರಗೆ ನಿಲ್ಲಿಸಿದರು. ಕಣಿವೆಗೆ ಹೋಗುವ ಜನ ಕಡಿಮೆಯಾಗಲಿಲ್ಲ. ಕಾರುಗಳ ಸಾಲು ಮಾತ್ರ ಹೋಯಿತು.

ಇಲ್ಲಿಯವರೆಗಿನ ಮಾತು ಇಷ್ಟು: ರಸ್ತೆ ಬೆಟ್ಟಕ್ಕೆ ಹೊಂದಿಕೊಂಡಿದೆ, ದೊಡ್ಡ ಗಾಡಿ ರಸ್ತೆಗೆ ಹೊಂದುವುದಿಲ್ಲ, ತಪ್ಪಲಿನ ಪಾರ್ಕ್ ಈ ಎರಡರ ನಡುವಿನ ತೊಡಕನ್ನು ಬಿಡಿಸುತ್ತದೆ. ಇದಕ್ಕೆ ಆಕ್ಷೇಪಗಳಿವೆ. ಅವನ್ನು ತಳ್ಳಿಹಾಕದೆ ಎದುರಿಸಬೇಕು. ಮೊದಲ ಆಕ್ಷೇಪ: ಈಗ ಯಂತ್ರಗಳಿವೆ, ಹಣವಿದೆ, ರಸ್ತೆಯನ್ನೇ ಅಗಲಮಾಡಿದರೆ ಆಯಿತಲ್ಲ? ಮಾಡಬಹುದು. ಆದರೆ ಬಂಡೆಯ ಗೋಡೆಯಲ್ಲಿ ಕೆತ್ತಿದ ದಾರಿಯನ್ನು ಅಗಲಮಾಡಲು ಎರಡೇ ಉಪಾಯ. ಒಳಗಿನ ಬಂಡೆಯನ್ನು ಇನ್ನಷ್ಟು ಸಿಡಿಸಬೇಕು, ಇಲ್ಲವೇ ಹೊರಗಿನ ಪ್ರಪಾತದ ಮೇಲೆ ಕಾಂಕ್ರೀಟ್ ಕಟ್ಟಬೇಕು. ಎರಡರಲ್ಲೂ ಹಳೆಯ ಕಲ್ಲುಗೋಡೆ, ಕಮಾನು ಹೋಗುತ್ತವೆ. ಈ ರಸ್ತೆಯನ್ನು 1997ರಲ್ಲಿ ಅಮೆರಿಕ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂದು ಘೋಷಿಸಿದೆ. ಜನ ನೋಡಲು ಬರುವ ವಸ್ತುಗಳಲ್ಲಿ ರಸ್ತೆಯೂ ಒಂದು. ಅದನ್ನು ಒಡೆದು ಅಗಲಮಾಡಿದರೆ ನೋಡಲು ಬಂದದ್ದನ್ನೇ ಕಳೆದುಕೊಂಡಂತೆ. ಇನ್ನೊಂದು ಲೆಕ್ಕ ಕೇಳಿ. ಲೋಗನ್ ಪಾಸ್‌ನಲ್ಲಿ ವಾಹನ ನಿಲ್ಲಿಸಲು ಇರುವುದು ಸುಮಾರು 230 ಜಾಗಗಳು. ಬೇಸಿಗೆಯಲ್ಲಿ ಬೆಳಗಿನ ಹೊತ್ತಿಗೇ ಅವು ತುಂಬಿಹೋಗುತ್ತವೆ. ಉದ್ಯಾನಕ್ಕೆ ವರ್ಷಕ್ಕೆ ಬರುವವರು ಮೂವತ್ತು ಲಕ್ಷದ ಆಸುಪಾಸು. 2021ರಿಂದ ಹಲವು ಬೇಸಿಗೆಗಳಲ್ಲಿ ಈ ರಸ್ತೆಗೆ ಬರುವ ಕಾರುಗಳು ಮೊದಲೇ ಕಾಯ್ದಿರಿಸಬೇಕಾಗಿ ಬಂತು. ರಸ್ತೆ ಅಗಲವಾದರೆ ಹೆಚ್ಚು ವಾಹನ ಬರುತ್ತವೆ. ಅವನ್ನು ನಿಲ್ಲಿಸಲು ಆ ಹುಲ್ಲುಗಾವಲಿನ ಮೇಲೆ ಡಾಂಬರು ಹಾಸಬೇಕಾಗುತ್ತದೆ. ಒಂದು ನಲವತ್ತು ಅಡಿ ಗಾಡಿ ನಿಲ್ಲುವ ಜಾಗದಲ್ಲಿ ಎರಡು ಕಾರು ನಿಲ್ಲುತ್ತವೆ. ಕಾರಿಗೇ ಜಾಗ ಸಾಲದ ಕಡೆ ಮನೆಗೆ ಎಲ್ಲಿ ಜಾಗ?

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ವಯಸ್ಸಾದವರು, ಅಂಗವಿಕಲರು, ಪದೇ ಪದೇ ಶೌಚಾಲಯ ಬೇಕಾಗುವ ರೋಗಿಗಳು ಆರ್‌ವಿಯನ್ನು ಆರಿಸಿಕೊಳ್ಳುವುದೇ ಎಲ್ಲ ಅನುಕೂಲ ಜೊತೆಗಿರಲಿ ಎಂದು. ಅವರನ್ನು ಅದರಿಂದ ಇಳಿಸಿದರೆ ಬೆಟ್ಟ ಅವರ ಪಾಲಿಗೆ ಇಲ್ಲವಾಗುವುದಿಲ್ಲವೆ? ಈ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಉತ್ತರ ನಿಯಮವನ್ನು ಸಡಿಲಿಸುವುದರಲ್ಲಿಲ್ಲ. ಕೆಳಗಿನಿಂದ ಮೇಲಕ್ಕೆ ಹೋಗುವ ವ್ಯವಸ್ಥೆಯನ್ನು ಗಟ್ಟಿಮಾಡುವುದರಲ್ಲಿದೆ. ಗಾಲಿಕುರ್ಚಿ ಹತ್ತುವಂಥ ಬಸ್ಸು, ದಾರಿಯುದ್ದಕ್ಕೂ ಶುಚಿಯಾದ ಶೌಚಾಲಯ, ಕಾಯುವಲ್ಲಿ ನೆರಳು ಮತ್ತು ಬೆಂಚು ಇರಲೇಬೇಕು. ಇವಿಲ್ಲದೆ ದೊಡ್ಡ ವಾಹನ ಬೇಡ ಎಂದಷ್ಟೇ ಹೇಳುವ ಆಡಳಿತ ತನ್ನ ಕರ್ತವ್ಯದಲ್ಲಿ ಅರ್ಧವನ್ನು ಮಾತ್ರ ಮಾಡಿದಂತೆ. ಇವೆಲ್ಲ ಇದ್ದರೆ ಮುದುಕರಿಗೆ ಆಗುವ ಲಾಭವೂ ದೊಡ್ಡದು. ಒಮ್ಮೆ ಪಾರ್ಕ್‌ನಲ್ಲಿ ನೆಲೆಗೊಂಡರೆ ಮೂರು ನಾಲ್ಕು ರಾತ್ರಿ ಅದೇ ಹಾಸಿಗೆ, ಅದೇ ಬಚ್ಚಲು. ದಿನಾ ಸಾಮಾನು ಕಟ್ಟಿ ಬಿಚ್ಚುವ ಗೋಳಿಲ್ಲ. ದಣಿವಾದವರು ಒಂದು ದಿನ ಕೆಳಗೇ ಉಳಿದು, ಮಿಕ್ಕವರು ಹೋಗಿಬರಬಹುದು. ಚಾಲಕನಿಗೂ ಬಿಡುವು. ಪ್ರಪಾತದ ಅಂಚಿನಲ್ಲಿ ನಲವತ್ತು ಅಡಿ ಗಾಡಿಯನ್ನು ಹಿಡಿದವನು ಬೆಟ್ಟ ನೋಡಲಾರ. ಅವನ ಕಣ್ಣೆಲ್ಲ ಕನ್ನಡಿಯ ಮೇಲೆ, ಗೆರೆಯ ಮೇಲೆ.

ಮೂರನೆಯ ಆಕ್ಷೇಪದಲ್ಲಿ ಎರಡು ಎಳೆಗಳಿವೆ. ಒಂದು, ದೊಡ್ಡ ಗಾಡಿಯವರು ಬೆಟ್ಟದ ಇನ್ನೊಂದು ಮಗ್ಗುಲಿಗೆ ಹೋಗುವುದು ಹೇಗೆ? ಇದಕ್ಕೆ ಉತ್ತರ ಸುಲಭ. ಉದ್ಯಾನದ ದಕ್ಷಿಣದ ಅಂಚಿನಲ್ಲಿ ರೈಲುಹಳಿಯ ಜೊತೆಯಲ್ಲೇ ಎರಡನೇ ನಂಬರಿನ ಹೆದ್ದಾರಿ ಸಾಗುತ್ತದೆ. ಅದು ಮರಾಯಸ್ ಪಾಸ್ ಎಂಬಲ್ಲಿ, ಸುಮಾರು 5,200 ಅಡಿ ಎತ್ತರದಲ್ಲಿ, ಅದೇ ಏಣನ್ನು ದಾಟುತ್ತದೆ. ದೊಡ್ಡ ಗಾಡಿಗಳಿಗೆ ಹೇಳಿಮಾಡಿಸಿದ ದಾರಿ, ಚಳಿಗಾಲದಲ್ಲೂ ತೆರೆದಿರುತ್ತದೆ. ಸರಕಿಗೂ ಮನೆಗೂ ಒಂದು ದಾರಿ, ನೋಟಕ್ಕೆ ಇನ್ನೊಂದು ದಾರಿ ಎಂಬ ಏರ್ಪಾಡು ಅಲ್ಲಿ ಇದ್ದೇ ಇದೆ. ಎರಡನೆಯ ಎಳೆ ಕಷ್ಟದ್ದು. ಆರ್‌ವಿ ಪಾರ್ಕ್‌ಗಳೇ ನೆಲ ನುಂಗುವುದಿಲ್ಲವೆ? ಹೊಳೆಯ ದಡದ ಮರ ಕಡಿದು ಜಲ್ಲಿ ಹಾಸುವುದಿಲ್ಲವೆ? ನುಂಗುತ್ತವೆ, ಹಾಸುತ್ತವೆ. ಆದ್ದರಿಂದ ಪಾರ್ಕ್ ಎಲ್ಲಿರಬೇಕು, ಎಷ್ಟಿರಬೇಕು ಎಂಬುದಕ್ಕೂ ಮಿತಿ ಬೇಕು. ಆದರೆ ಎರಡು ಹಾನಿಗಳನ್ನು ತೂಗಿ ನೋಡಿ. ಊರಿನ ಪಕ್ಕದ ಸಮತಟ್ಟು ನೆಲದಲ್ಲಿ ನೂರು ಗಾಡಿ ಒಂದೆಡೆ ನಿಂತರೆ ಕೊಳಚೆಗೆ ಒಂದು ಚರಂಡಿ ಸಾಕು. ಕಂಬದಿಂದ ವಿದ್ಯುತ್ತು ಸಿಕ್ಕರೆ ಜನರೇಟರ್‌ನ ಹೊಗೆ, ಗಲಾಟೆ ಎರಡೂ ಇಲ್ಲ. ಅದೇ ನೂರು ಗಾಡಿ ಬೆಟ್ಟದುದ್ದಕ್ಕೂ ಚೆದುರಿ ನಿಂತರೆ ಕೊಳಚೆ ಹೊಳೆಗೆ ಇಳಿಯುವ ಅಪಾಯವಿದೆ, ಕಸ ಕರಡಿಯ ಪಾಲಾಗುವ ಅಪಾಯವಿದೆ. ಕಾಯಲು, ಸರಿಪಡಿಸಲು ಸುಲಭವಾದದ್ದು ತಪ್ಪಲು. ಎತ್ತರದ ಹುಲ್ಲುಗಾವಲಿನಲ್ಲಿ ಬೆಳೆಯುವ ಕಾಲವೇ ಎರಡು ಮೂರು ತಿಂಗಳು. ಅಲ್ಲಿ ಒಮ್ಮೆ ತುಳಿದ ಹುಲ್ಲು ಮತ್ತೆ ಚಿಗುರಲು ವರ್ಷಗಳೇ ಬೇಕು.

ಮೂರು ಆಕ್ಷೇಪಗಳನ್ನು ನೋಡಿದೆವು. ಒಂದೊಂದರಲ್ಲೂ ಸತ್ಯದ ಒಂದು ಪಾಲಿದೆ. ಯಾವುದೂ ಮೂಲದ ಮಾತನ್ನು ಬೀಳಿಸುವುದಿಲ್ಲ. ಮೊಂಟಾನಾದ ಈ ಮಾತು ನಮಗೆ ಏಕೆ ಬೇಕು ಎಂದು ನೀವು ಕೇಳಬಹುದು. ಬೇಕು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿರುವುದು ನಿಮಗೆ ಗೊತ್ತು. ಮುಳ್ಳಯ್ಯನಗಿರಿಯ ಕಿರುದಾರಿಯಲ್ಲಿ ರಜಾದಿನಗಳಂದು ವಾಹನಗಳು ಕದಲದೆ ನಿಂತದ್ದೂ ಗೊತ್ತು. 2025ರಲ್ಲಿ ಚಿಕ್ಕಮಗಳೂರು ಜಿಲ್ಲಾಡಳಿತ ಅಲ್ಲಿಗೆ ಹೋಗುವ ವಾಹನಗಳ ಸಂಖ್ಯೆಗೆ ಮಿತಿ ಹಾಕಬೇಕಾಯಿತು. ಮನೆಯಂಥ ವಾಹನಗಳೂ ನಮ್ಮ ಕಡೆಗೆ ಬರುತ್ತಿವೆ. ಪಕ್ಕದ ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೆ ನೀತಿ ಮಾಡಿ, ಮರುವರ್ಷ ವಾಗಮಣ್ ಬೆಟ್ಟಸೀಮೆಯಲ್ಲಿ ಮೊದಲ ಪಾರ್ಕ್ ತೆರೆಯಿತು. ನಮ್ಮ ಮಲೆನಾಡಿಗೂ ಅವು ಹೆಚ್ಚು ಹೆಚ್ಚಾಗಿ ಬಂದೇ ಬರುತ್ತವೆ. ಬರಲಿ, ಅದರಿಂದ ಊರಿನವರಿಗೆ ಕೆಲಸವೂ ಸಿಗಲಿ. ಆದರೆ ಅವು ಬರುವ ಮೊದಲೇ ನಾವು ತೀರ್ಮಾನಿಸಬೇಕಾದದ್ದಿದೆ. ಪಾರ್ಕ್ ಘಟ್ಟದ ಬುಡದ ಊರುಗಳಲ್ಲಿರಬೇಕೋ, ಶೋಲಾ ಕಾಡಿನ ಪಕ್ಕದಲ್ಲೋ? ನಮ್ಮ ಮಳೆಗೆ ಕುಸಿಯುವ ಇಳಿಜಾರನ್ನು ಇನ್ನಷ್ಟು ಕಡಿಯಬೇಕೋ, ಬುಡದಿಂದ ಮೇಲಕ್ಕೆ ಸಣ್ಣ ಬಸ್ಸು ಬಿಡಬೇಕೋ? ಗಾಡಿಗಳು ಬಂದು ನಿಂತ ಮೇಲೆ ಈ ಪ್ರಶ್ನೆ ಎತ್ತಿದರೆ ಉತ್ತರ ಹೇಳುವುದು ಅಂಗಡಿ, ಹೋಟೆಲು, ಒತ್ತಡ. ಈಗಲೇ ಎತ್ತಿದರೆ ಉತ್ತರ ಹೇಳುವವರು ನಾವು.

ಕೇಳುಗರೇ, ಗ್ಲೇಸಿಯರ್‌ನ ರಸ್ತೆಯನ್ನು ರೂಪಿಸಿದವರು ನೂರು ವರ್ಷದ ಹಿಂದೆ ಹದಿನೈದು ತಿರುವಿನ ಅಗ್ಗದ ದಾರಿಯನ್ನು ಬಿಟ್ಟು, ಒಂದೇ ತಿರುವಿನ ಕಷ್ಟದ ದಾರಿಯನ್ನು ಹಿಡಿದರು. ಇಂದು ಅದೇ ವಿವೇಕವನ್ನು ವಾಹನದ ವಿಷಯದಲ್ಲಿ ತೋರಿಸುವ ಸರದಿ ನಮ್ಮದು. ಆಡಳಿತ ಮಾಡುವವರು ತಪ್ಪಲಿನಲ್ಲಿ ಒಳ್ಳೆಯ ತಂಗುದಾಣ, ಮೇಲಕ್ಕೆ ಒಳ್ಳೆಯ ಬಸ್ಸು, ದಾರಿಯಲ್ಲಿ ಶೌಚಾಲಯ ಕೊಡಬೇಕು. ಈ ಮೂರು ಸಿದ್ಧವಾದ ಮೇಲೆ ಅಳತೆಯ ಮಿತಿಯನ್ನು ಮುಲಾಜಿಲ್ಲದೆ ಜಾರಿಮಾಡಬೇಕು. ಪ್ರವಾಸ ಹೊರಡುವವರು ಗಾಡಿ ಬಾಡಿಗೆಗೆ ಹಿಡಿಯುವ ಮೊದಲೇ ಬೆಟ್ಟದ ದಾರಿಯ ಅಳತೆ ಕೇಳಿ ತಿಳಿದುಕೊಳ್ಳಬೇಕು. ತಪ್ಪಲಿನಲ್ಲಿ ಎರಡು ರಾತ್ರಿಯಾದರೂ ನೆಲೆಸುವಂತೆ ದಿನಗಳನ್ನು ಹೊಂದಿಸಿಕೊಳ್ಳಬೇಕು. ಬೆಟ್ಟ ತನ್ನ ಅಗಲವನ್ನು ಬದಲಿಸಿಕೊಳ್ಳಲಾರದು. ಬದಲಿಸಿಕೊಳ್ಳಬಲ್ಲವರು ನಾವು. ಬದಲಿಸಿಕೊಂಡರೆ ನಮಗೆ ಸಿಗುವುದು ಹೆಚ್ಚೇ ಹೊರತು ಕಡಿಮೆಯಲ್ಲ.